ಮಣ್ಣಿನ ಮಾಳಿಗೆಯ ಭಾರ ಮತ್ತು ತೊಲೆ-ಜಂತೆಗಳ ಅಳತೆ
(ಗ್ರಾಮ ಪಂಚಾಯತಿ ಸದಸ್ಯರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸ)



ನಮ್ಮ ಬಯಲುಸೀಮೆಯ ಹಳ್ಳಿಗಳಲ್ಲಿ ಮಣ್ಣಿನ ಮಾಳಿಗೆಯ ಮನೆಗಳು ಇಂದಿಗೂ ಉಳಿದಿವೆ. ಮಾಳಿಗೆ ಕುಸಿದು ಜೀವಹಾನಿಯಾದಾಗ ಮಳೆಯನ್ನು ದೂರುವುದು ವಾಡಿಕೆ. ಆದರೆ ಮಳೆಯು ಕೊನೆಯ ಕಾರಣ ಮಾತ್ರ. ವರ್ಷಗಳಿಂದ ಏರುತ್ತ ಬಂದ ಭಾರ, ಕುಗ್ಗುತ್ತ ಬಂದ ಮರದ ಬಲ, ಇವೆರಡೂ ಮೂಲ ಕಾರಣಗಳು.

ಮೊದಲು ಭಾರವನ್ನು ಎಣಿಸೋಣ. ಒಣಮಣ್ಣು ಘನ ಮೀಟರಿಗೆ ಸುಮಾರು 1,600 ಕಿಲೋ ತೂಗುತ್ತದೆ. ಅಂದರೆ ಅರ್ಧ ಅಡಿ ದಪ್ಪದ ಮಣ್ಣಿನ ಭಾರ ಚದರ ಮೀಟರಿಗೆ ಸುಮಾರು 240 ಕಿಲೋ. ಸೋರಿಕೆ ತಡೆಯಲೆಂದು ವರ್ಷವರ್ಷವೂ ಹೊಸ ಮಣ್ಣು ಹಾಕುತ್ತ ಹೋದರೆ ದಪ್ಪವು ಒಂದು ಅಡಿಗೆ ಏರುತ್ತದೆ. ಅದು ಮಳೆಯಲ್ಲಿ ನೆನೆದಾಗ ಭಾರವು 550 ಕಿಲೋಗಳನ್ನು ಮೀರಬಹುದು. ಭಾರ ಇಮ್ಮಡಿಗಿಂತ ಹೆಚ್ಚಾಯಿತು. ಜಂತೆ ಮಾತ್ರ ಅಜ್ಜನ ಕಾಲದ್ದೇ.

ಇನ್ನು ಅಳತೆಯ ವಿಚಾರ. ಮರದ ಬಲವು ಅದರ ಅಗಲಕ್ಕಿಂತ ಎತ್ತರವನ್ನೇ ಹೆಚ್ಚಾಗಿ ಅವಲಂಬಿಸುತ್ತದೆ. 3 ಇಂಚು ಅಗಲ, 6 ಇಂಚು ಎತ್ತರವಾಗಿ ನಿಲ್ಲಿಸಿದ ಜಂತೆಯನ್ನೇ ಮಲಗಿಸಿ ಇಟ್ಟರೆ ಅದರ ಬಲ ಅರ್ಧಕ್ಕೆ ಇಳಿಯುತ್ತದೆ. ಬಾಗುವಿಕೆ ನಾಲ್ಕು ಪಟ್ಟಾಗುತ್ತದೆ. ಮರವೂ ಅದೇ, ಬೆಲೆಯೂ ಅದೇ. ಇಡುವ ಕ್ರಮವೊಂದೇ ಬೇರೆ.

ಆಧಾರಗಳ ನಡುವಿನ ಅಂತರವು ಇನ್ನೂ ಮುಖ್ಯವಾದುದು. ಪ್ರತಿ ಅಡಿಯ ಮೇಲೆ ಅಷ್ಟೇ ಭಾರವಿರುವಾಗ ಅಂತರವು ಇಮ್ಮಡಿಯಾದರೆ ಮರವನ್ನು ಮುರಿಯುವ ಒತ್ತಡ ನಾಲ್ಕು ಪಟ್ಟು, ಬಾಗುವಿಕೆ ಹದಿನಾರು ಪಟ್ಟು ಏರುತ್ತದೆ. ಆದುದರಿಂದ ಪಡಸಾಲೆಯನ್ನು ವಿಶಾಲಗೊಳಿಸಲೆಂದು ನಡುವಣ ಕಂಬವನ್ನು ತೆಗೆಯುವುದು ಅಪಾಯಕರ.

ಮರದ ರಚನೆಗಳಿಗೆ ಸಂಬಂಧಿಸಿದ ಐಎಸ್ 883 ಮಾನಕದ ಪ್ರಕಾರ ತೊಲೆಯ ಬಾಗು ಸಾಮಾನ್ಯವಾಗಿ ಅಂತರದ 240ನೇ ಒಂದು ಭಾಗವನ್ನು ಮೀರಬಾರದು. 10 ಅಡಿಯ ಅಂತರಕ್ಕೆ ಇದು ಅರ್ಧ ಇಂಚು. ತೊಲೆಯ ಎರಡು ತುದಿಗಳ ನಡುವೆ ದಾರ ಬಿಗಿದು ನೋಡಿದರೆ ಯಾರಿಗಾದರೂ ತಿಳಿಯುತ್ತದೆ. ಬಾಗು ಇದಕ್ಕಿಂತ ಹೆಚ್ಚಿದ್ದರೆ ಅದನ್ನು ಎಚ್ಚರಿಕೆಯೆಂದೇ ಭಾವಿಸಬೇಕು.

ಬಾಗು ಕಾಣದಿದ್ದ ಮಾತ್ರಕ್ಕೆ ಮರವು ಸುರಕ್ಷಿತವೆಂದು ಅರ್ಥವಲ್ಲ. ಗೋಡೆಯೊಳಗೆ ಹುದುಗಿರುವ ತುದಿಯು ತೇವದಿಂದ ಕೊಳೆಯುತ್ತದೆ. ಗೆದ್ದಲು ಹೊರಪದರವನ್ನು ಉಳಿಸಿ ಒಳಗನ್ನು ತಿನ್ನುತ್ತದೆ. ಸುತ್ತಿಗೆಯಿಂದ ತಟ್ಟಿದಾಗ ಟೊಳ್ಳು ಸದ್ದು ಬಂದರೆ, ಚೂಪಾದ ಮೊಳೆ ಸುಲಭವಾಗಿ ಇಳಿದರೆ, ಆ ಮರವನ್ನು ನಂಬಲಾಗದು.

ಸದಸ್ಯರಲ್ಲಿ ನನ್ನ ವಿನಂತಿ ಇಷ್ಟೇ. ಮುಂಗಾರಿಗೆ ಮುನ್ನ ತಮ್ಮ ವಾರ್ಡಿನ ಮಾಳಿಗೆ ಮನೆಗಳನ್ನು ಪರಿಶೀಲಿಸಿರಿ. ಹೊಸ ಮಣ್ಣು ಹಾಕುವ ಮೊದಲು ಹಳೆಯದನ್ನು ಇಳಿಸುವಂತೆ ತಿಳಿಹೇಳಿರಿ. ಸಂಶಯವಿದ್ದೆಡೆ ತೊಲೆಯ ಕೆಳಗೆ ಗಟ್ಟಿ ನೆಲದ ಮೇಲೆ ಊರುಗಂಬ ಕೊಡಿಸಿ, ಇಂಜಿನಿಯರರ ತಪಾಸಣೆಗೆ ಬರೆಯಿರಿ. ಅಪಾಯ ಸ್ಪಷ್ಟವಾಗಿದ್ದರೆ ಆ ಕುಟುಂಬವು ಅಂದಿನ ರಾತ್ರಿಯೇ ಬೇರೆಡೆ ಮಲಗುವ ವ್ಯವಸ್ಥೆಯಾಗಲಿ. ಕಾಗದಪತ್ರದ ಕೆಲಸ ಮರುದಿನಕ್ಕೂ ಆದೀತು.