ನಾಲ್ಕು ಊರಿಗೆ ಒಂದೇ ಚಾರ್ಜಿಂಗ್ ನಕ್ಷೆ ಬೇಕು



ಎಲೆಕ್ಟ್ರಿಕ್ ವಾಹನಗಳಿಗಾಗಿ ದೇಶದಲ್ಲೇ ಮೊದಲು ನೀತಿ ತಂದ ರಾಜ್ಯ ಯಾವುದು? ನಮ್ಮ ಕರ್ನಾಟಕ, 2017ರಲ್ಲಿ. ಹೆಮ್ಮೆ ಪಡೋಣ. ಆದರೆ ಹೆಮ್ಮೆಯಿಂದ ಬ್ಯಾಟರಿ ತುಂಬುವುದಿಲ್ಲ!

2021ರಲ್ಲಿ ವಿಜಯನಗರ ಜಿಲ್ಲೆಯಾಯಿತು. ಹೊಸಪೇಟೆ, ಹಂಪಿ ಇತ್ತ ಬಂದವು. ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಆದರೆ ಕಂಪ್ಲಿಯಿಂದ ಹೊಸಪೇಟೆಗೆ ಬರುವ ಆಟೋಗೆ ಜಿಲ್ಲೆಯ ಗಡಿ ಗೊತ್ತೇ? ಈ ನಾಲ್ಕೂ ಊರಿಗೆ ಕರೆಂಟ್ ಕೊಡುವುದು ಒಂದೇ ಜೆಸ್ಕಾಂ. ಹಾಗಿದ್ದ ಮೇಲೆ ನಕ್ಷೆಯೂ ಒಂದೇ ಇರಲಿ.

ನಕ್ಷೆ ಒಂದೇ, ಯಂತ್ರ ಮಾತ್ರ ಊರಿಗೆ ತಕ್ಕಂತೆ. 30 ಯೂನಿಟ್ ಬ್ಯಾಟರಿಯ ಕಾರಿಗೆ 3.3 ಕಿಲೋವ್ಯಾಟ್ ಯಂತ್ರದಲ್ಲಿ ಒಂಬತ್ತು ತಾಸಿಗೂ ಹೆಚ್ಚು ಬೇಕು. 30 ಕಿಲೋವ್ಯಾಟ್ ಯಂತ್ರದಲ್ಲಿ ಒಂದು ತಾಸಿನ ಆಸುಪಾಸು. ಹೊಸಪೇಟೆಯಲ್ಲಿ 50 ಮತ್ತು 67ನೇ ರಾಷ್ಟ್ರೀಯ ಹೆದ್ದಾರಿಗಳು ಕೂಡುತ್ತವೆ. ಅಲ್ಲಿ ನಿಲ್ಲಲು ಯಾರಿಗೂ ಪುರುಸೊತ್ತಿಲ್ಲ, ವೇಗದ ಯಂತ್ರವೇ ಬೇಕು. ಹಂಪಿ 1986ರಿಂದ ವಿಶ್ವ ಪರಂಪರೆಯ ತಾಣ, ಕಂಡಕಂಡಲ್ಲಿ ಅಗೆಯುವಂತಿಲ್ಲ. ಅಲ್ಲಿ ಗಾಡಿಗಳು ತಾಸುಗಟ್ಟಲೆ ನಿಂತಿರುತ್ತವೆ. ವಾಹನ ನಿಲ್ದಾಣದಲ್ಲೇ ನಿಧಾನದ ಯಂತ್ರ ಸಾಕು. ಸಂಡೂರಿನ ಅದಿರು ಲಾರಿಗಳು ನಾಳೆ ಬ್ಯಾಟರಿಗೆ ಬಂದರೆ ಕಾರಿನ ಯಂತ್ರ ಸಾಲದು. ಲಾರಿ ತಿರುಗುವಷ್ಟು ಜಾಗ, ಪ್ರತ್ಯೇಕ ಲೈನು ಈಗಲೇ ಗೊತ್ತುಮಾಡಬೇಕು.

ಇನ್ನು ಕಂಪ್ಲಿ? ಲಾಭ ನೋಡುವವರು ಹೆದ್ದಾರಿ ಬಿಟ್ಟು ಕಂಪ್ಲಿಗೆ ಯಾಕೆ ಬಂದಾರು? ಬಸ್ ನಿಲ್ದಾಣದ ಬಳಿ ಆಟೋ, ಸ್ಕೂಟರುಗಳಿಗೆ ಅಗ್ಗದ ಪಾಯಿಂಟುಗಳನ್ನು ಸರ್ಕಾರವೇ ಹಾಕಿಸಬೇಕು.

ಮುದ್ರಣಾಲಯ ನಡೆಸುವ ನನಗೆ ಟ್ರಾನ್ಸ್‌ಫಾರ್ಮರ್ ಸುಟ್ಟರೆ ಏನಾಗುತ್ತದೆ ಎಂಬುದು ಚೆನ್ನಾಗಿ ಗೊತ್ತು. 60 ಕಿಲೋವ್ಯಾಟಿನ ಒಂದೇ ಯಂತ್ರ ಓಣಿಯ 100 ಕೆವಿಎ ಟ್ರಾನ್ಸ್‌ಫಾರ್ಮರಿನ ಅರ್ಧಕ್ಕಿಂತ ಹೆಚ್ಚು ನುಂಗುತ್ತದೆ. ಆಮೇಲೆ ಗಿರಣಿಗೆ ಏನು ಉಳಿಯುತ್ತದೆ? ನಮ್ಮ ಅಚ್ಚಿನ ಯಂತ್ರಕ್ಕೆ ಏನು ಉಳಿಯುತ್ತದೆ? ಮೊದಲು ಟ್ರಾನ್ಸ್‌ಫಾರ್ಮರ್, ಆಮೇಲೆ ಟೇಪು ಕತ್ತರಿಸಲಿ.

ಇನ್ನೊಂದು ಮಾತು. ಯಂತ್ರದ ಪರದೆ, ದರಪಟ್ಟಿ, ರಸೀದಿ, ಸಹಾಯವಾಣಿ ಎಲ್ಲವೂ ಕನ್ನಡದಲ್ಲಿರಬೇಕು. ರಾತ್ರಿ ಹತ್ತಕ್ಕೆ ಯಂತ್ರ ಕೆಟ್ಟು, ದುಡ್ಡು ಸಿಕ್ಕಿಕೊಂಡರೆ ಆಟೋದ ಅಣ್ಣ ಯಾವ ಭಾಷೆಯಲ್ಲಿ ಜಗಳವಾಡಬೇಕು? ಟೆಂಡರಿನಲ್ಲಿ ಬರೆಯದಿದ್ದರೆ ಆಮೇಲೆ ಕೂಗಿ ಪ್ರಯೋಜನವಿಲ್ಲ.

ಯುವಕರೇ, ಯುವತಿಯರೇ, ಚಾರ್ಜಿಂಗ್ ಕೇಂದ್ರ ನಡೆಸಲು ವಿದ್ಯುತ್ ಲೈಸೆನ್ಸ್ ಬೇಕಿಲ್ಲವೆಂದು ಕೇಂದ್ರ ಸರ್ಕಾರ 2018ರಲ್ಲೇ ಸ್ಪಷ್ಟಪಡಿಸಿದೆ. ಈ ಉದ್ಯೋಗ ನಿಮ್ಮದಾಗಬಹುದು. ಅದಕ್ಕೂ ಮೊದಲು ಒಂದು ಕೆಲಸ ಮಾಡಿ. ನಿಮ್ಮ ನಿಮ್ಮ ಓಣಿಯಲ್ಲಿ ಬ್ಯಾಟರಿ ಗಾಡಿ ಎಷ್ಟಿವೆ, ರಾತ್ರಿ ಎಲ್ಲಿ ನಿಲ್ಲುತ್ತವೆ, ಹತ್ತಿರದ ಟ್ರಾನ್ಸ್‌ಫಾರ್ಮರ್ ಎಷ್ಟು ಕೆವಿಎ, ಬರೆದುಕೊಳ್ಳಿ. ನಾಲ್ಕೂ ಊರಿನ ಪಟ್ಟಿ ಸೇರಿಸಿ ಇಬ್ಬರು ಜಿಲ್ಲಾಧಿಕಾರಿಗಳಿಗೂ, ಜೆಸ್ಕಾಂಗೂ ಕನ್ನಡದಲ್ಲೇ ಮನವಿ ಕೊಡಿ. ಸ್ವೀಕೃತಿ ಪಡೆಯದೆ ಮೆಟ್ಟಿಲು ಇಳಿಯಬೇಡಿ.

ನಮ್ಮ ಊರಿನ ನಕ್ಷೆಯನ್ನು ನಾವು ಬರೆಯದಿದ್ದರೆ, ನಮ್ಮ ಊರನ್ನೇ ನೋಡದವರು ಬರೆಯುತ್ತಾರೆ.