ನೋವಿನ ಗುಳಿಗೆಯ ಪಥ್ಯ

ನಮ್ಮ ಮಂಡ್ಯದ ಸೀಮೆಯಲ್ಲಿ ಶಸ್ತ್ರಚಿಕಿತ್ಸೆಯಾಯಿತೆಂದು ಯಾರೂ ಹೇಳುವುದಿಲ್ಲ. ‘ಆಪರೇಷನ್ ಆಯ್ತು’ ಎನ್ನುತ್ತಾರೆ, ಇಲ್ಲವೆ ‘ಕುಯ್ದವ್ರೆ’ ಎನ್ನುತ್ತಾರೆ. ಮಾತು ಒರಟು, ಆದರೆ ಅದರಲ್ಲಿದ್ದ ಹಿಂದಿನ ಅಂಜಿಕೆ ಈಗ ಬಹುಮಟ್ಟಿಗೆ ಹೋಗಿದೆ. 2003ರಲ್ಲಿ ಸಹಕಾರ ಸಂಘಗಳ ರೈತರಿಗಾಗಿ ಯಶಸ್ವಿನಿ ಯೋಜನೆ ಬಂದಿತು. 2006ರಲ್ಲಿ ಮಂಡ್ಯದಲ್ಲಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಆರಂಭವಾಯಿತು. ಮದ್ದೂರು, ಮಳವಳ್ಳಿಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ. ಶಸ್ತ್ರವೈದ್ಯರ ಕೆಲಸ ಒಂದೆರಡು ಗಂಟೆಗಳಲ್ಲಿ ಮುಗಿಯುತ್ತದೆ. ಆಮೇಲೆ ಒಂದು ಚೀಲ ಗುಳಿಗೆಯೊಡನೆ ರೋಗಿ ಮನೆಗೆ ಬರುತ್ತಾನೆ. ಅಲ್ಲಿಂದ ಮುಂದಿನ ಹತ್ತು ಹದಿನೈದು ದಿನಗಳ ಹೊಣೆ ಮನೆಯವರದು. ಆ ಹೊಣೆಯನ್ನು ಕುರಿತು ನಾಲ್ಕು ಮಾತು ಹೇಳುವುದು ಇಂದಿನ ಉದ್ದೇಶ.

ನಾನು ಬಲ್ಲ ಮನೆಯೊಂದರ ಸಂಗತಿ ಇದು. ಮಳವಳ್ಳಿ ತಾಲ್ಲೂಕಿನ ಒಬ್ಬ ಅಜ್ಜಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು. ಮನೆಗೆ ಬಂದ ನಾಲ್ಕನೆಯ ದಿನ ಆಕೆ ನೋವಿನ ಗುಳಿಗೆಯನ್ನು ದೂರ ಸರಿಸಿ, “ಈ ಗುಳ್ಗೆ ಹೊಟ್ಟೆ ಕಟ್ಟಾಕ್ಬುಡ್ತು, ನಂಗೆ ಬ್ಯಾಡ ಕನಪ್ಪ” ಎಂದರು. ಮಗ ಸುಮ್ಮನಾದ. ಗುಳಿಗೆ ನಿಂತಿತು, ನೋವು ಹೆಚ್ಚಿತು. ನೋವಿಗೆ ಹೆದರಿ ಆಕೆ ಏಳಲಿಲ್ಲ, ನಡೆಯಲಿಲ್ಲ, ಕೆಮ್ಮಿ ಕಫ ತೆಗೆಯಲಿಲ್ಲ. ವಾರ ಕಳೆಯುವುದರೊಳಗೆ ಎದೆಯಲ್ಲಿ ಕಫ ಕಟ್ಟಿ ಜ್ವರ ಬಂದು ಮತ್ತೆ ಆಸ್ಪತ್ರೆ ಸೇರಬೇಕಾಯಿತು. ಮೂಳೆಯಿಂದ ಬಂದ ಕಷ್ಟವಲ್ಲ ಇದು, ಮಲಬದ್ಧತೆಯಿಂದ ಬಂದದ್ದು. ಹಲ್ಲು ಕಚ್ಚಿ ನೋವು ತಡೆಯುವುದನ್ನು ನಾವು ಧೈರ್ಯವೆಂದು ಹೊಗಳುತ್ತೇವೆ. ಆದರೆ ಶಸ್ತ್ರಚಿಕಿತ್ಸೆಯಾದವರು ಆಳವಾಗಿ ಉಸಿರೆಳೆಯಬೇಕು, ನಾಲ್ಕು ಹೆಜ್ಜೆ ನಡೆಯಬೇಕು. ಮಲಗಿಯೇ ಇದ್ದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಭಯವೂ ಉಂಟು. ಆದ್ದರಿಂದ ನೋವಿನ ಶಮನ ಚಿಕಿತ್ಸೆಯದೇ ಒಂದು ಭಾಗ.

ಗುಳಿಗೆ ಹೊಟ್ಟೆ ಕಟ್ಟುವುದೇಕೆ? ನಾವು ಪಾಯಸ ಮಾಡುವ ಗಸಗಸೆಯ ಗಿಡದ ಕಾಯಿಯ ಹಾಲೇ ಅಫೀಮು. ಸಂಸ್ಕೃತದಲ್ಲಿ ಇದಕ್ಕೆ ಅಹಿಫೇನ, ಎಂದರೆ ಹಾವಿನ ನೊರೆ, ಎಂಬ ಹೆಸರಿದೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಸರ್ಟ್ಯೂರ್ನರ್ ಎಂಬ ಜರ್ಮನಿಯ ಔಷಧ ತಯಾರಕ ಇದರ ಸಾರವನ್ನು ಬೇರ್ಪಡಿಸಿ, ಗ್ರೀಕರ ಸ್ವಪ್ನದೇವತೆಯ ಹೆಸರಿನಿಂದ ಅದನ್ನು ಕರೆದ. ಅದೇ ಮಾರ್ಫಿನ್. ಇಂದು ವೈದ್ಯರು ಬರೆಯುವ ಟ್ರಮಡಾಲ್ ಕಾರ್ಖಾನೆಯಲ್ಲಿ ಹುಟ್ಟಿದ್ದಾದರೂ ಗುಣದಲ್ಲಿ ಇದೇ ಕುಲದ್ದು. 2018ರಲ್ಲಿ ಸರ್ಕಾರ ಅದನ್ನು ಮಾದಕ ವಸ್ತುಗಳ ಕಾಯಿದೆಯ ಕೆಳಗೆ ತಂದಿತು. ಈ ಕುಲದ ಔಷಧಗಳು ನೋವನ್ನು ಮಾತ್ರವಲ್ಲದೆ ಕರುಳಿನ ಚಲನೆಯನ್ನೂ ಮಂದಗೊಳಿಸುತ್ತವೆ. ವಾಕರಿಕೆ, ಮಂಪರು ಕೆಲವು ದಿನಗಳಲ್ಲಿ ತಗ್ಗಬಹುದು. ಮಲಬದ್ಧತೆ ಮಾತ್ರ ಗುಳಿಗೆಯಿರುವವರೆಗೂ ಇರುತ್ತದೆ. ಆದ್ದರಿಂದ ಮೊದಲ ದಿನವೇ “ಹೊಟ್ಟೆ ಸಡಿಲವಾಗುವುದಕ್ಕೆ ಏನು ಕೊಡುತ್ತೀರಿ?” ಎಂದು ವೈದ್ಯರನ್ನು ಕೇಳಬೇಕು. ಮನೆಯ ಹರಳೆಣ್ಣೆಯನ್ನು ತಾವೇ ಕುಡಿಸಬಾರದು. ಹೊಟ್ಟೆಯ ಶಸ್ತ್ರಚಿಕಿತ್ಸೆಯಾಗಿದ್ದರೆ ಅದು ಅಪಾಯ. ಸಾಕಷ್ಟು ನೀರಿಲ್ಲದೆ ಇಸಬ್‌ಗೋಲ್ ಕೊಟ್ಟರೆ ಕಟ್ಟು ಇನ್ನೂ ಬಿಗಿಯುತ್ತದೆ.

ಇಲ್ಲಿ ನಮ್ಮ ಪಥ್ಯದ ವಿಚಾರ ಬರುತ್ತದೆ. ಪಥಕ್ಕೆ ಹಿತವಾದದ್ದು ಪಥ್ಯ ಎಂದು ಆ ಶಬ್ದದ ಅರ್ಥ. ನಮ್ಮಲ್ಲಾದರೋ ಪಥ್ಯವೆಂದರೆ ಬಿಡುವುದು ಎಂದೇ ಆಗಿದೆ. ಬದನೆಕಾಯಿ ನಂಜು, ಸೊಪ್ಪು ನಂಜು, ನೀರು ಕುಡಿದರೆ ಹೊಲಿಗೆ ಕೀವಾಗುತ್ತದೆ ಎಂದು ಬಿಳಿಯ ಅನ್ನಕ್ಕೆ ಮೆಣಸಿನ ಸಾರು ಹಾಕಿ ಮಲಗಿಸುತ್ತಾರೆ. ಕರುಳನ್ನು ಮಂದಗೊಳಿಸುವ ಗುಳಿಗೆಯ ಜೊತೆಗೆ ನಾರಿಲ್ಲದ ಊಟ, ನೀರಿಲ್ಲದ ದಿನ! ಕರುಳಿನ ಶಸ್ತ್ರಚಿಕಿತ್ಸೆಯಾಗಿ ವೈದ್ಯರು ಬೇಡವೆಂದಿದ್ದರೆ ಮಾತು ಬೇರೆ. ಉಳಿದವರಿಗೆ ನಮ್ಮ ರಾಗಿಮುದ್ದೆ, ಸೊಪ್ಪಿನ ಬಸ್ಸಾರು, ಬಾಳೆಹಣ್ಣು, ಬೇಕಾದಷ್ಟು ನೀರು, ಇವೇ ನಿಜವಾದ ಪಥ್ಯ.

ನೋವಿನ ಗುಳಿಗೆಗಳಲ್ಲಿ ಇನ್ನೊಂದು ಕುಲವಿದೆ: ಡೈಕ್ಲೊಫಿನಾಕ್, ಅಸಿಕ್ಲೊಫಿನಾಕ್, ಐಬುಪ್ರೊಫೆನ್. ಇವು ಊತವನ್ನು ಇಳಿಸುತ್ತವೆ. ಜೊತೆಗೆ ಜಠರದ ಒಳಪೊರೆಯನ್ನು ಕಾಯುವ ವಸ್ತುವನ್ನೂ ತಡೆಯುತ್ತವೆ. ಖಾಲಿ ಹೊಟ್ಟೆಯಲ್ಲಿ ಇವನ್ನು ನುಂಗಬಾರದು. ಆದರೆ ಊಟವೊಂದೇ ರಕ್ಷೆಯಲ್ಲ. ರಕ್ತದ ಮೂಲಕವೂ ಇವು ಜಠರವನ್ನು ತಾಕುತ್ತವೆ. ವಯಸ್ಸಾದವರಿಗೆ ವೈದ್ಯರು ಪ್ಯಾಂಟೊಪ್ರಜೋಲಿನಂಥ ಗುಳಿಗೆಯನ್ನು ಬೆಳಗ್ಗೆ ತಿಂಡಿಗೆ ಮುಂಚೆ ಬರೆಯುವುದು ಇದಕ್ಕಾಗಿಯೇ. ಈ ಕುಲದ ಔಷಧ ಮೂತ್ರಪಿಂಡಕ್ಕೆ ಹರಿಯುವ ರಕ್ತವನ್ನೂ ಕಡಿಮೆ ಮಾಡಬಲ್ಲುದು. ರೋಗಿಯನ್ನು ನೋಡಲು ಹೋಗುವವರು ಮದ್ದೂರಿನ ಎಳನೀರು ಒಯ್ಯುವುದು ನಮ್ಮ ಸಂಪ್ರದಾಯ, ಒಳ್ಳೆಯದೇ. ಆದರೆ ಎಳನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚು. ಮೂತ್ರಪಿಂಡದ ತೊಂದರೆಯಿರುವವರು, ರಕ್ತದೊತ್ತಡಕ್ಕೆ ಔಷಧ ತೆಗೆದುಕೊಳ್ಳುವವರು ಈ ಗುಳಿಗೆಗಳ ಜೊತೆ ದಿನವೂ ಮೂರು ನಾಲ್ಕು ಎಳನೀರು ಕುಡಿಯುವ ಮೊದಲು ವೈದ್ಯರನ್ನು ಕೇಳಬೇಕು.

ಇನ್ನು ಪ್ಯಾರಸಿಟಮಾಲ್. ಸೌಮ್ಯವಾದ ಔಷಧ, ಲೆಕ್ಕ ತಪ್ಪಿದರೆ ಯಕೃತ್ತನ್ನು ಕೆಡಿಸುತ್ತದೆ. ದೊಡ್ಡವರಿಗೆ ದಿನಕ್ಕೆ 4,000 ಮಿಲಿಗ್ರಾಂ ಮೇರೆ. ಬಡಕಲು ದೇಹದವರಿಗೂ ಹೆಂಡ ಕುಡಿಯುವವರಿಗೂ ಇನ್ನೂ ಕಡಿಮೆ. ಲೆಕ್ಕ ಮಾಡಿ ನೋಡೋಣ. 650ರ ಗುಳಿಗೆ ನಾಲ್ಕು ಸಲ, 2,600. ಊತದ ಗುಳಿಗೆಯೊಳಗೆ ಬೆರೆತ 325, ಮೂರು ಸಲ, 975. ನಡುವೆ ನೆಗಡಿಯೆಂದು ಅಂಗಡಿಯಿಂದ ತಂದ ಗುಳಿಗೆಯಲ್ಲಿ 500, ಎರಡು ಸಲ, 1,000. ಒಟ್ಟು 4,575! ಹೆಸರು ಮೂರು, ವಸ್ತು ಒಂದೇ. ಗುಳಿಗೆಯ ಹಾಳೆಯ ಹಿಂದಿನ ಸಣ್ಣ ಅಕ್ಷರಗಳನ್ನು ಮನೆಯಲ್ಲಿ ಓದುವ ಮಕ್ಕಳಿಂದ ಓದಿಸಬೇಕು.

ಒಂದು ಹಳೆಯ ನೋಟುಪುಸ್ತಕದಲ್ಲಿ ಶಾಲೆಯ ಹಾಜರಿಯಂತೆ ಗೆರೆ ಎಳೆದು, ಯಾವ ಗುಳಿಗೆ, ಎಷ್ಟು ಗಂಟೆಗೆ, ನೋವು ಹೇಗಿತ್ತು, ಮಲವಿಸರ್ಜನೆ ಆಯಿತೆ, ಮೂತ್ರ ಹೋಯಿತೆ ಎಂದು ಬರೆದಿಡಿ. ನಡೆಸುವುದಕ್ಕೆ ಅರ್ಧ ಅಥವಾ ಒಂದು ಗಂಟೆ ಮುಂಚೆ ಗುಳಿಗೆಯ ಸರದಿ ಬರುವಂತೆ ಹೊಂದಿಸಿಕೊಳ್ಳಿ. ಮಂಪರಿರುವವರು ರಾತ್ರಿ ಬಚ್ಚಲಿಗೆ ಒಬ್ಬರೇ ಹೋಗಬಾರದು, ದೀಪವಿರಲಿ. ಬೈಕು, ಟ್ರಾಕ್ಟರು ಕೂಡದು. ಟ್ರಮಡಾಲಿನ ಜೊತೆಗೆ ಮದ್ಯವಾಗಲಿ, ಕೇಳದೆ ನುಂಗಿದ ನಿದ್ರೆಗುಳಿಗೆಯಾಗಲಿ ಉಸಿರನ್ನೇ ತಗ್ಗಿಸಬಲ್ಲುದು. ಮೂರ್ಛೆರೋಗವಿದ್ದವರು, ಮಾನಸಿಕ ಕಾಯಿಲೆಗೆ ಔಷಧ ತೆಗೆದುಕೊಳ್ಳುವವರು ಅದನ್ನು ಮುಚ್ಚಿಡದೆ ವೈದ್ಯರಿಗೆ ಹೇಳಬೇಕು.

ರೋಗಿಯನ್ನು ಎಬ್ಬಿಸಿದರೂ ಏಳದಿದ್ದರೆ, ಉಸಿರು ತೀರ ನಿಧಾನವಾದರೆ, ಮಲ ಡಾಂಬರಿನಂತೆ ಕಪ್ಪಾದರೆ, ವಾಂತಿಯಲ್ಲಿ ರಕ್ತ ಕಂಡರೆ, ಹೊಟ್ಟೆ ಉಬ್ಬಿ ವಾಯುವೂ ಹೋಗದಿದ್ದರೆ, ಮೂತ್ರ ನಿಂತರೆ, ಮೈಮೇಲೆ ಗಂಧೆ ಎದ್ದು ಮುಖ ಊದಿದರೆ ಬೆಳಗಾಗಲೆಂದು ಕಾಯಬೇಡಿ; 108ಕ್ಕೆ ಕರೆಮಾಡಿ.

ಉಳಿದ ಗುಳಿಗೆಯನ್ನು ಮಂಡಿನೋವೆಂದು ಪಕ್ಕದ ಮನೆಯವರು ಕೇಳುತ್ತಾರೆ. ಸಾಲ ಕೊಡುವ ವಸ್ತುಗಳು ನಮ್ಮಲ್ಲಿ ಬೇಕಾದಷ್ಟಿವೆ, ಇದೊಂದನ್ನು ಕೊಡಬೇಡಿ. ಮನೆಯ ಹಿರಿಯರು ಗುಳಿಗೆ ಬೇಡವೆಂದು ಕೈ ಸರಿಸಿದಾಗ ಗದರಿಸದೆ, ಸುಮ್ಮನೆಯೂ ಇರದೆ, “ಏನು ಕಷ್ಟವಾಗ್ತಿದೆ, ಅವ್ವ?” ಎಂದು ಕೇಳಿ. ಬಂದ ಉತ್ತರವನ್ನು ನೋಟುಪುಸ್ತಕದಲ್ಲಿ ಬರೆದು, ಅಂದೇ ವೈದ್ಯರಿಗೆ ತಿಳಿಸಿ.