ಬೆಳಗಾವಿಯ ಗಡಿ ಮತ್ತು ನಾವು

(ಶಾಲೆಯ ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಮಿತಿಯವರು ನನಗೆ ಕಂಪ್ಯೂಟರ್ ಮತ್ತು ನೌಕರಿ ಬಗ್ಗೆ ಮಾತಾಡು ಅಂದಿದ್ದರು. ಅದನ್ನು ನನಗಿಂತ ಚಲೋ ಹೇಳುವವರು ಈಗ ಎಲ್ಲರ ಕೈಯಲ್ಲಿರುವ ಫೋನಿನಲ್ಲೇ ಇದ್ದಾರೆ. ಹಾಗಾಗಿ ಅವರ ಅನುಮತಿ ಪಡೆದು ಬೇರೆ ವಿಷಯ ಆರಿಸಿಕೊಂಡೆ, ಬೆಳಗಾವಿ. ಪ್ರತಿ ಚಳಿಗಾಲದ ಅಧಿವೇಶನ ಬಂತೆಂದರೆ ನಮ್ಮ ಹಳೆ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಬೆಳಗಾವಿಯ ಮೇಲೆ ಯುದ್ಧವೇ ನಡೆಯುತ್ತದೆ. ಬೆಳಗಾವಿ ನಮ್ಮದು ಅನ್ನುವುದರಲ್ಲಿ ನನಗೂ ಸಂದೇಹವಿಲ್ಲ. ಆದರೆ ಅದು ಹೇಗೆ ನಮ್ಮದಾಯಿತು, ಜಗಳ ಯಾವುದರ ಮೇಲೆ ಅಂತ ಕೇಳಿದರೆ ಗುಂಪಿನಲ್ಲಿ ಎಲ್ಲರೂ ಗಪ್ ಚುಪ್.

ನಮಗೂ ಬೆಳಗಾವಿಗೂ ಏನು ಸಂಬಂಧ ಎನ್ನಬೇಡಿ. ನಮ್ಮ ಬಾಗಲಕೋಟೆ ಜಿಲ್ಲೆ ಇರುವುದೇ ಬೆಳಗಾವಿ ವಿಭಾಗದಲ್ಲಿ. ನಾನು ಓದಿದ್ದು ಬಾಗಲಕೋಟೆಯಲ್ಲಿ, ಪದವಿ ಕೊಟ್ಟಿದ್ದು ಬೆಳಗಾವಿಯಲ್ಲಿರುವ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ. ನನ್ನ ಬಿ.ಇ. ಸರ್ಟಿಫಿಕೇಟಿನ ಮೇಲೆ ಊರಿನ ಹೆಸರು ಬೆಳಗಾಂ ಎಂದಿದೆ. 2014ರ ನವೆಂಬರ್ 1ರಂದು ಹೆಸರು ಬದಲಾದ ಮೇಲೆ ಪಾಸಾದವರದರಲ್ಲಿ ಬೆಳಗಾವಿ. ಮಂಗಳೂರಿನವನಿರಲಿ, ಕೋಲಾರದವನಿರಲಿ, ಆ ವಿಶ್ವವಿದ್ಯಾಲಯದಲ್ಲಿ ಬಿ.ಇ. ಮಾಡಿದ ಹುಡುಗನ ಕಾಗದದ ಮೇಲೆ ಆ ಊರಿದೆ. 1998ರಲ್ಲಿ ಈ ವಿಶ್ವವಿದ್ಯಾಲಯವನ್ನು ಅಲ್ಲಿಟ್ಟವರು ಜಾಣರು ಅಂತ ನನಗನ್ನಿಸುತ್ತದೆ.

ಇನ್ನೂ ಹಳೆಯ ಸಂಬಂಧ ಹೇಳುತ್ತೇನೆ. 1956ರ ಅಕ್ಟೋಬರ್ 31ರ ರಾತ್ರಿವರೆಗೆ ನಾವೆಲ್ಲ ಮುಂಬಯಿ ರಾಜ್ಯದವರು. ಆಗ ಬಾಗಲಕೋಟೆ ಜಿಲ್ಲೆ ಇರಲಿಲ್ಲ, ವಿಜಾಪುರ ಜಿಲ್ಲೆಯಲ್ಲಿದ್ದೆವು. ಜಮಖಂಡಿಯಲ್ಲಿ ಪಟವರ್ಧನರು, ಮುಧೋಳದಲ್ಲಿ ಘೋರ್ಪಡೆಯವರು ಆಳುತ್ತಿದ್ದರು. ಆ ಸಂಸ್ಥಾನಗಳ ದರ್ಬಾರಿನಲ್ಲಿ ಮರಾಠಿಯದೇ ನಡಾವಳಿ. ಅವು ಮುಂಬಯಿ ರಾಜ್ಯದಲ್ಲಿ ಸೇರಿದ್ದು 1948ರಲ್ಲಿ. ಮೈಸೂರು ಕಡೆಯವರು ಹೊಲದ ಪಹಣಿ ಅಂದರೆ ನಾವು ಇವತ್ತಿಗೂ ಉತಾರ ಅನ್ನುತ್ತೇವಲ್ಲ, ಅದು ಮರಾಠಿಯಿಂದ ಬಂದ ಮಾತು. ಜಮಖಂಡಿ ತಾಲೂಕಿನ ಸಾವಳಗಿಯ ಬಿ.ಡಿ. ಜತ್ತಿಯವರು ಮೊದಲು ಮುಂಬಯಿ ಸರಕಾರದಲ್ಲಿ ಉಪಮಂತ್ರಿ, ಆಮೇಲೆ 1958ರಲ್ಲಿ ಮೈಸೂರು ರಾಜ್ಯದ ಮುಖ್ಯಮಂತ್ರಿ. ನಮ್ಮ ಹುನಗುಂದದ ಶಾಸಕರಾಗಿದ್ದ ಎಸ್.ಆರ್. ಕಂಠಿಯವರು ಮುಂಬಯಿ ವಿಧಾನಸಭೆಯ ಉಪಸಭಾಪತಿಯಾಗಿದ್ದವರು, 1956ರಲ್ಲಿ ಮೈಸೂರು ವಿಧಾನಸಭೆಯ ಸಭಾಪತಿಯಾದರು. ಮನುಷ್ಯರು ಅವರೇ, ಹೊಲ ಅದೇ, ರಾಜ್ಯ ಮಾತ್ರ ಬೇರೆಯಾಯಿತು.

1956ರ ರಾಜ್ಯ ಪುನರ್ವಿಂಗಡಣೆ ಕಾಯ್ದೆಯಲ್ಲಿ ನಮ್ಮ ವಿಜಾಪುರವೂ ಬೆಳಗಾವಿಯೂ ಒಂದೇ ಸಾಲಿನಲ್ಲಿವೆ. ಚಂದಗಡ ತಾಲೂಕು ಬಿಟ್ಟು ಬೆಳಗಾವಿ ಜಿಲ್ಲೆ, ಜೊತೆಗೆ ವಿಜಾಪುರ, ಧಾರವಾಡ, ಕೆನರಾ ಜಿಲ್ಲೆಗಳು, ಇವಿಷ್ಟು ಮುಂಬಯಿಯಿಂದ ಮೈಸೂರಿಗೆ. ವಿಜಾಪುರವನ್ನು ಯಾರೂ ಹೆಚ್ಚು ಕೇಳಲಿಲ್ಲ. ಬೆಳಗಾವಿಯನ್ನು ಕೇಳಿದರು, ಇನ್ನೂ ಕೇಳುತ್ತಿದ್ದಾರೆ.

ಯಾಕೆ? ಇಲ್ಲಿ ನನ್ನ ಕಸುಬಿನ ಒಂದು ಮಾತು ಸಹಾಯಕ್ಕೆ ಬರುತ್ತದೆ. ನಾವು ಮಾಹಿತಿ ಲೆಕ್ಕ ಮಾಡುವಾಗ ಮೊದಲು ಕೇಳುವ ಪ್ರಶ್ನೆ, ಎಣಿಸುವ ಘಟಕ ಯಾವುದು ಅಂತ. ಮನೆ ಎಣಿಸುತ್ತೀರೋ, ಓಣಿ ಎಣಿಸುತ್ತೀರೋ, ಊರು ಎಣಿಸುತ್ತೀರೋ? ಘಟಕ ಬದಲಾದರೆ ಅದೇ ಜನ, ಅದೇ ಊರು, ಉತ್ತರ ಬೇರೆ. ಬೆಳಗಾವಿ ಜಗಳದ ತಿರುಳು ಇದೇ.

1953ರ ಕೊನೆಗೆ ನೇಮಕವಾದ ಫಜಲ್ ಅಲಿ ಆಯೋಗ 1955ರಲ್ಲಿ ವರದಿ ಕೊಟ್ಟಿತು. ಅದು ಮುಖ್ಯವಾಗಿ ಜಿಲ್ಲೆಯನ್ನು ಘಟಕವಾಗಿ ಹಿಡಿಯಿತು. ಚಂದಗಡದಲ್ಲಿ ಮರಾಠಿ ಮನೆಮಾತಿನವರು ನೂರಕ್ಕೆ 90ಕ್ಕೂ ಮೇಲಿದ್ದರು, ಅದನ್ನು ಬಿಟ್ಟುಕೊಟ್ಟಿತು. ಖಾನಾಪುರದಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಬೆಳಗಾವಿ ಪಟ್ಟಣದಲ್ಲಿಯೂ 1951ರ ಜನಗಣತಿಯಂತೆ ಮರಾಠಿಯವರೇ ಹೆಚ್ಚು. ಇದನ್ನು ನಮ್ಮವರು ಹೇಳಲು ಹಿಂಜರಿಯುತ್ತಾರೆ, ಹಿಂಜರಿಯಬೇಕಾಗಿಲ್ಲ. ಜಿಲ್ಲೆಯ ಉಳಿದ ತಾಲೂಕುಗಳಲ್ಲಿ ಬಹುಪಾಲು ಕನ್ನಡದವು. ಗೋಕಾಕ, ಸವದತ್ತಿ, ಬೈಲಹೊಂಗಲದ ರೈತ ಕೋರ್ಟು ಕಚೇರಿಗೆ ಬರುವುದು ಬೆಳಗಾವಿಗೆ. ಜಿಲ್ಲೆಯನ್ನು ಒಂದು ಕಡೆ ಇಟ್ಟು ಜಿಲ್ಲಾಸ್ಥಳವನ್ನು ಇನ್ನೊಂದು ಕಡೆ ಕಳಿಸಲು ಬರುವುದಿಲ್ಲ ಎಂಬುದು ಆಯೋಗದ ವಾದ.

ಮಹಾರಾಷ್ಟ್ರದವರು ಹಳ್ಳಿಯನ್ನು ಘಟಕವಾಗಿ ಹಿಡಿಯಿರಿ ಎಂದರು. ಹಳ್ಳಿ ಹಳ್ಳಿಗೆ ಭಾಷೆ ಎಣಿಸಿ, ಒಂದಕ್ಕೊಂದು ಹೊಂದಿಕೊಂಡಿದ್ದರೆ ಈ ಕಡೆ ಕೊಡಿ. ಮೊದಲು 814 ಹಳ್ಳಿ ಕೇಳಿದರು, ಈಗಿನ ಬೇಡಿಕೆ 865. ಆ ವಾದವನ್ನು ಹುಚ್ಚು ಅನ್ನಲಾರೆ. ಆದರೆ ಗಡಿಯ ಹಳ್ಳಿಗಳಲ್ಲಿ ಒಂದು ಓಣಿ ಕನ್ನಡ, ಒಂದು ಓಣಿ ಮರಾಠಿ, ಒಂದು ಓಣಿ ಉರ್ದು. ಹಳ್ಳಿಯನ್ನು ಒಪ್ಪಿದರೆ ನಾಳೆ ಓಣಿಯನ್ನು ಒಪ್ಪಬೇಕಾಗುತ್ತದೆ. ನನ್ನ ಮಟ್ಟಿಗೆ ಜಿಲ್ಲೆಯ ಲೆಕ್ಕವೇ ಸರಿ, ಅದರಲ್ಲಿ ನೋವೂ ಇದೆ ಎಂದು ಒಪ್ಪಿಕೊಂಡೇ ಸರಿ.

(ನಮ್ಮ ತಾಲೂಕಿನ ಐಹೊಳೆಯ ಮೇಗುಟಿ ಗುಡ್ಡದ ಮೇಲೆ 634ರ ರವಿಕೀರ್ತಿಯ ಶಾಸನವಿದೆ. ಇಮ್ಮಡಿ ಪುಲಿಕೇಶಿ 99,000 ಹಳ್ಳಿಗಳ ಮೂರು ಮಹಾರಾಷ್ಟ್ರಕಗಳಿಗೆ ಒಡೆಯನಾದ ಎಂದು ಅದರಲ್ಲಿದೆ. ಬಾದಾಮಿಯ ಅರಸನೂ ಹಳ್ಳಿ ಲೆಕ್ಕವನ್ನೇ ಬರೆಸಿದ್ದ ಅನ್ನಿ! ಇದನ್ನು ತೋರಿಸಿ ಪುಣೆ ನಮ್ಮದು ಅನ್ನುವವರೂ ಇದ್ದಾರೆ. ಹಾಗೆ ಹೊರಟರೆ ಅವರು ಪೇಶ್ವೆಯ ಕಾಗದ ತೆಗೆಯುತ್ತಾರೆ, ಮುಗಿಯುವುದಿಲ್ಲ.)

1966ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ನಿವೃತ್ತ ಮುಖ್ಯ ನ್ಯಾಯಮೂರ್ತಿ ಮೆಹರ್ ಚಂದ್ ಮಹಾಜನರ ಆಯೋಗ ನೇಮಿಸಿತು. ಆಗ ನಮ್ಮ ಮುಖ್ಯಮಂತ್ರಿ ನಿಜಲಿಂಗಪ್ಪನವರು. ಅವರು 1962ರಲ್ಲಿ ಹೊಸದುರ್ಗದಲ್ಲಿ ಸೋತಾಗ ಕಂಠಿಯವರು ಕೆಲವು ತಿಂಗಳು ಮುಖ್ಯಮಂತ್ರಿಯಾಗಿದ್ದರು. ಆಮೇಲೆ ನಿಜಲಿಂಗಪ್ಪನವರು ಬಾಗಲಕೋಟೆಯಿಂದ ಅವಿರೋಧವಾಗಿ ಆರಿಸಿ ಬಂದರು. ಅಂದರೆ ಆಯೋಗ ನೇಮಕವಾದಾಗ ರಾಜ್ಯದ ಪರವಾಗಿ ನಿಂತವರು ಬಾಗಲಕೋಟೆಯ ಶಾಸಕರು. 1967ರಲ್ಲಿ ವರದಿ ಬಂತು. ಬೆಳಗಾವಿ ಕರ್ನಾಟಕದಲ್ಲೇ ಇರಬೇಕು ಎಂದಿತು. ಮಹಾರಾಷ್ಟ್ರ ಒಪ್ಪಲಿಲ್ಲ.

‘ಮಹಾಜನ ವರದಿ ಜಾರಿಯಾಗಲಿ’ ಎಂದು ನಾವು ಘೋಷಣೆ ಕೂಗುತ್ತೇವೆ. ಆ ವರದಿಯ ಉಳಿದ ಭಾಗ ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಮಹಾಜನರು 264 ಹಳ್ಳಿಗಳನ್ನು ಮಹಾರಾಷ್ಟ್ರಕ್ಕೆ ಕೊಡಿ ಅಂದರು, ಅದರಲ್ಲಿ ನಿಪ್ಪಾಣಿ, ಖಾನಾಪುರ, ನಂದಗಡ ಇವೆ. 1831ರಲ್ಲಿ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ ನಂದಗಡ, ಅವನ ಸಮಾಧಿ ಇರುವ ನಂದಗಡ. ಬದಲಿಗೆ ಅಕ್ಕಲಕೋಟೆ, ದಕ್ಷಿಣ ಸೋಲಾಪುರದ ಕಡೆಯಿಂದ 247 ಹಳ್ಳಿ ನಮಗೆ, ಕೇರಳದಿಂದ ಚಂದ್ರಗಿರಿ ಹೊಳೆಯ ಉತ್ತರದ ಕಾಸರಗೋಡು. ಕೂಗುವವರು ಕೂಗಲಿ, ಇಷ್ಟು ಗೊತ್ತಿದ್ದು ಕೂಗಲಿ.

ಅಲ್ಲಿಂದ ಮುಂದಿನದು ನಿಮಗೆ ಗೊತ್ತಿರುವುದೇ. 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋಯಿತು, ದಾವೆ ಇನ್ನೂ ಬಾಕಿ ಇದೆ. 2005ರಲ್ಲಿ ಅಲ್ಲಿನ ಮಹಾನಗರ ಪಾಲಿಕೆ ಮಹಾರಾಷ್ಟ್ರಕ್ಕೆ ಸೇರುವ ಠರಾವು ಮಾಡಿತು, ಸರಕಾರ ಪಾಲಿಕೆಯನ್ನೇ ವಜಾ ಮಾಡಿತು. ಬೆಂಗಳೂರಿನಲ್ಲಿ ಮೇಯರ್ ಮುಖಕ್ಕೆ ಕಪ್ಪು ಬಳಿದರು, ಅದು ನನಗೆ ಹೆಮ್ಮೆಯ ಸಂಗತಿಯಲ್ಲ. 2006ರಲ್ಲಿ ಮೊದಲ ಅಧಿವೇಶನ ಅಲ್ಲಿ ನಡೆಯಿತು, 2012ರಲ್ಲಿ ಸುವರ್ಣ ವಿಧಾನಸೌಧ ತೆರೆಯಿತು. 2018 ಮತ್ತು 2023ರ ವಿಧಾನಸಭೆ ಚುನಾವಣೆಗಳಲ್ಲಿ ಏಕೀಕರಣ ಸಮಿತಿಗೆ ಒಂದು ಸೀಟೂ ಬರಲಿಲ್ಲ. ಅದನ್ನು ಮರಾಠಿ ಮಾತಾಡುವ ಮತದಾರರೇ ಮಾಡಿದ್ದು. ಅದರ ಬಗ್ಗೆ ನಮ್ಮ ಗುಂಪಿನಲ್ಲಿ ಒಂದೂ ಮೆಸೇಜ್ ಬಂದಿದ್ದು ನೆನಪಿಲ್ಲ.

ಶಾಲೆಯ ಸಮಾರಂಭವಾದ್ದರಿಂದ ಶಾಲೆಯ ಮಾತು ಹೇಳಲೇಬೇಕು. ಬೆಳಗಾವಿಯಲ್ಲಿ ಕನ್ನಡ ಬೇರು ಬಿಟ್ಟದ್ದಕ್ಕೆ ಆಯೋಗದ ವರದಿಗಿಂತ ಮಾಸ್ತರರು ಹೆಚ್ಚು ಕಾರಣ. 1916ರಲ್ಲಿ ಏಳು ಜನ ಶಿಕ್ಷಕರು ಕೂಡಿ ಅಲ್ಲಿ ಒಂದು ಶಾಲೆ ತೆರೆದರು, ಅದೇ ಇಂದಿನ ಕೆ.ಎಲ್.ಇ. ಸಂಸ್ಥೆ. ಕೈಯಲ್ಲಿ ಸರಕಾರವಿರಲಿಲ್ಲ, ಗಡಿ ಎಂಬುದೇ ಇರಲಿಲ್ಲ. 1924ರಲ್ಲಿ ಗಾಂಧೀಜಿ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನ ಅಲ್ಲೇ ನಡೆಯಿತು, ಅವರು ಅಧ್ಯಕ್ಷರಾಗಿದ್ದ ಅಧಿವೇಶನ ಅದೊಂದೇ. ಅದೇ ವೇಳೆಗೆ ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಕರ್ನಾಟಕ ಏಕೀಕರಣ ಪರಿಷತ್ತು ಕೂಡಿತು. ಇದಕ್ಕೆ ವಿರುದ್ಧದ ಉದಾಹರಣೆಯೂ ಶಾಲೆಯದೇ. 1986ರಲ್ಲಿ ಶಾಲೆಗಳಲ್ಲಿ ಕನ್ನಡ ಕಡ್ಡಾಯದ ವಿಷಯಕ್ಕೆ ಬೆಳಗಾವಿಯಲ್ಲಿ ಚಳವಳಿ ಎದ್ದು ಪೊಲೀಸರ ಗುಂಡಿಗೆ ಜನ ಸತ್ತರು. ಒಂದು ಭಾಷೆ ಶಾಲೆ ಕಟ್ಟಿ ಬಂದಾಗ ಆದದ್ದು ಒಂದು ರೀತಿ, ಹುಕುಮು ಹಿಡಿದು ಬಂದಾಗ ಆದದ್ದು ಇನ್ನೊಂದು ರೀತಿ.

ನನ್ನ ಆಫೀಸಿನಲ್ಲಿ ಪಕ್ಕದ ಕುರ್ಚಿಯವನು ಬೆಳಗಾವಿಯ ಹುಡುಗ. ಮನೆಯಲ್ಲಿ ಮರಾಠಿ, ನನ್ನ ಜೊತೆ ನನಗಿಂತ ಚಲೋ ಬೆಳಗಾವಿ ಕನ್ನಡ. ಅವನ ಅಜ್ಜಿಗೆ ಮರಾಠಿ ಒಂದೇ ಓದಲು ಬರುತ್ತದೆ, ಪಿಂಚಣಿಯ ಅರ್ಜಿಯನ್ನು ಮೊಮ್ಮಗ ತುಂಬಿಕೊಡಬೇಕು. ಗಡಿಯ ಆಚೆ ಜತ್ತ, ಅಕ್ಕಲಕೋಟೆಯ ಕನ್ನಡ ಶಾಲೆಗಳಲ್ಲಿ ಕಲಿತ ಅಜ್ಜನೂ ಅಲ್ಲಿನ ಕಚೇರಿಯಲ್ಲಿ ಹೀಗೇ ನಿಲ್ಲುತ್ತಾನೆ. ಆ ಅಜ್ಜನಿಗೆ ಕನ್ನಡ ಅರ್ಜಿ ಕೊಡಿ ಎಂದು ಮಹಾರಾಷ್ಟ್ರವನ್ನು ಕೇಳುವ ಬಾಯಿ ನಮಗೆ ಬೇಕಾದರೆ, ಈ ಅಜ್ಜಿಗೆ ಮರಾಠಿ ಅರ್ಜಿ ನಾವು ಮೊದಲು ಕೊಟ್ಟಿರಬೇಕು. ಅರ್ಜಿ ಕೊಟ್ಟರೆ ಊರು ಹೋಗುವುದಿಲ್ಲ. ಊರು ಯಾವ ರಾಜ್ಯದ್ದು ಎನ್ನುವುದು 1956ರಲ್ಲೇ ತೀರ್ಮಾನವಾಗಿದೆ.

ಇದು ನಮ್ಮ ಹೊಟ್ಟೆಯ ವಿಷಯವೂ ಹೌದು. ಇಳಕಲ್ಲಿನ ನೇಕಾರರ ಸೀರೆ ಉಡುವವರು ಆಚೆಯೂ ಇದ್ದಾರೆ. ಅವರು ಅದನ್ನು ‘ಇರಕಲ್’ ಅನ್ನುತ್ತಾರೆ, ಟೋಪ್ ತೆನಿ ಸೆರಗನ್ನು ನಮ್ಮಷ್ಟೇ ಪ್ರೀತಿಯಿಂದ ಹೊದೆಯುತ್ತಾರೆ. 2022ರ ಡಿಸೆಂಬರಿನಲ್ಲಿ ಬಸ್ಸು ಲಾರಿಗಳಿಗೆ ಎರಡೂ ಕಡೆ ಕಲ್ಲು, ಮಸಿ ಬಿತ್ತು, ಬಸ್ಸುಗಳು ನಿಂತವು. ನಮ್ಮ ಊರಿನಿಂದ ದುಡಿಯಲು ಕೊಲ್ಹಾಪುರ, ರತ್ನಾಗಿರಿಗೆ ಹೋದವರ ಮನೆಯವರು ಫೋನು ಹಿಡಿದು ಕೂತಿದ್ದರು. ಕಲ್ಲು ಒಗೆದವರ ವೀಡಿಯೋಕ್ಕೆ ಅದೇ ದಿನ ನಮ್ಮ ಗುಂಪಿನಲ್ಲಿ ಚಪ್ಪಾಳೆಗಳ ಸಾಲು ಬಿದ್ದಿತ್ತು. ಆ ಬಸ್ಸಿನಲ್ಲಿ ನಮ್ಮ ಬ್ಯಾಚಿನವನ ತಮ್ಮನೂ ಇರಬಹುದಿತ್ತು.

ಕೊನೆಗೆ ಒಂದು ಕೆಲಸದ ಮಾತು. 1956ಕ್ಕಿಂತ ಮೊದಲಿನ ಮುಂಬಯಿ ರಾಜ್ಯದ ನಕ್ಷೆಯೊಂದನ್ನು ದೊಡ್ಡದಾಗಿ ಮುದ್ರಿಸಿ ತಂದಿದ್ದೇನೆ, ಮುಖ್ಯಗುರುಗಳ ಕೋಣೆಯ ಹೊರಗೆ ಹಾಕಿದ್ದಾರೆ. ವಿಜಾಪುರ, ಬೆಳಗಾವಿ, ಸೋಲಾಪುರ ಮೂರಕ್ಕೂ ಒಂದೇ ಬಣ್ಣ. ಊಟಕ್ಕೆ ಹೋಗುವಾಗ ನೋಡಿರಿ. ಮತ್ತೆ, ಯಾರ ಮನೆಯ ಸಂದೂಕಿನಲ್ಲಾದರೂ ಮೋಡಿ ಅಕ್ಷರದ ಹಳೆ ಕಾಗದಗಳಿದ್ದರೆ ಓದಲು ಬರುವುದಿಲ್ಲ ಅಂತ ಒಲೆಗೆ ಹಾಕಬೇಡಿ. ಶಾಲೆಗೆ ತಂದು ತೋರಿಸಿರಿ, ಫೋಟೋ ತೆಗೆದು ಕಂಪ್ಯೂಟರಿನಲ್ಲಿ ಇಡುವ ಕೆಲಸ ನನ್ನದು, ಮೂಲ ಕಾಗದ ನಿಮ್ಮ ಮನೆಗೇ ವಾಪಸ್.